ಟೀವಿ ಪೆಟ್ಟಿಗೆಯ ಕೀಲಿ

ಹಳೆಯ ಟ್ರಂಕಿನಲ್ಲಿ ಇವತ್ತು ನಮ್ಮ ಟೀವಿ ಪೆಟ್ಟಿಗೆಯ ಕೀಲಿ ಸಿಕ್ಕಿತು. ಅದರ ಹಲ್ಲುಗಳ ಸಂದಿಯಲ್ಲಿ ಇನ್ನೂ ವಿಭೂತಿ ಇದೆ.

ಜವಳಗೇರಾದ ನಮ್ಮ ಮನೆಯಲ್ಲಿ ಟೀವಿಗೆ ಮರದ ಬಾಗಿಲಿತ್ತು. ಅದರ ಕೀಲಿ ಅಜ್ಜನ ಉಡದಾರದಲ್ಲಿರುತ್ತಿತ್ತು. ಒಂದು ದಿನ ಬೆಳಿಗ್ಗೆ ಹೆವಿವೇಟ್ ಬಾಕ್ಸಿಂಗ್ ಪಟ್ಟದ ಪಂದ್ಯ ತೋರಿಸುವವರಿದ್ದರು. ಕಾಕಾ ಬಾಕ್ಸಿಂಗ್ ಕಲಿತಿದ್ದು ಪೇಪರಿನ ಫೋಟೋ ನೋಡಿ. ಭತ್ತದ ಹೊಟ್ಟು ತುಂಬಿದ ಚೀಲವನ್ನು ಅಂಗಳದ ಬೇವಿನ ಗಿಡಕ್ಕೆ ಕಟ್ಟಿ ದಿನವೂ ಗುದ್ದುತ್ತಿದ್ದ.

"ಫೋಟೋದಾಗ ಕೈ ಅಷ್ಟ ಕಾಣ್ತಾವ. ಕಾಲು ಹೆಂಗ ಇಡ್ತಾರ ಅಂತ ಒಮ್ಮೆ ನೋಡಬೇಕವ್ವಾ," ಎಂದು ನನಗೆ ಹೇಳಿದ್ದ.

ಪಂದ್ಯದ ಹೊತ್ತಿಗೇ ಅಜ್ಜ ಲಿಂಗಪೂಜೆಗೆ ಕೂತ. ನಡುವೆ ಅವನನ್ನು ಮಾತಾಡಿಸುವಂತಿರಲಿಲ್ಲ. ದಿನಾ ಹತ್ತು ನಿಮಿಷದ ಪೂಜೆ ಅವತ್ತು ಮುಗಿಯಲೇ ಒಲ್ಲದು. ಎರಡು ಸಲ ಕಣ್ಣು ತೆರೆದು, ಚಡಪಡಿಸುತ್ತಿದ್ದ ಕಾಕಾನನ್ನು ನೋಡಿ, ಮತ್ತೆ ಮುಚ್ಚಿಕೊಂಡ. ಎದ್ದು ಆ ಉಡದಾರವನ್ನೇ ಹರಿಯಬೇಕೆನಿಸಿತು ನನಗೆ.

ಕೊನೆಗೆ ವಿಭೂತಿ ಕೈಯಲ್ಲೇ ಕೀಲಿ ಬಿಚ್ಚಿ ಕೊಟ್ಟ. ಟೀವಿ ಹಚ್ಚಿದರೆ ಒಬ್ಬ ಅಂಗಾತ ಬಿದ್ದಿದ್ದ. ಮೊದಲ ಸುತ್ತಿನಲ್ಲೇ ಪಂದ್ಯ ಮುಗಿದಿತ್ತು. ನಮಗೆ ಕಂಡದ್ದು ಬಿದ್ದವನ ಕಾಲು ಮಾತ್ರ. ಅವು ಅಲುಗಾಡುತ್ತಿರಲಿಲ್ಲ.

"ಬೇಕಂತ ಮಾಡಿದಿ ನೀ, ಅಪ್ಪಾ!" ಕಾಕಾ ಚೀರಿದ.

"ಲಿಂಗಪೂಜಿಗಿ ಅವಸರ ಮಾಡಾಕ ಬರತೈತೇನಲೇ? ಕಾಲುವಿಗಿ ನೀರು ಬಿಟ್ಟಾರ, ಗದ್ದಿಗಿ ಹೋಗು," ಎಂದ ಅಜ್ಜ.

ಕಾಕಾ ಹೋಗಲಿಲ್ಲ. ಚೀಲ ಹರಿದು ಹೊಟ್ಟು ಅಂಗಳವೆಲ್ಲ ಚೆಲ್ಲುವವರೆಗೆ ಗುದ್ದಿದ. ಅವನ ಕಾಲು ಮಾತ್ರ ನೆಲದಲ್ಲಿ ನೆಟ್ಟ ಹಾಗೇ ಇದ್ದವು. ಅಜ್ಜ ಹೊಸ್ತಿಲಲ್ಲಿ ನಿಂತು, ಈಗ ಒಮ್ಮೆಯೂ ಕಣ್ಣು ಮುಚ್ಚದೆ, ಅದನ್ನೇ ನೋಡುತ್ತಿದ್ದ.