ಹದಿಮೂರು ಜನರ ಊರು

ಉಜ್ಜುತ್ತಿದ್ದ ಅರ ಜಾರಿ ಬೀಗದ ಕೈಯ ಹಲ್ಲೊಂದು ಹಾರಿಹೋಯಿತು. ಬೆಳಗಿನಿಂದ ಇದು ಮೂರನೆಯದು.

"ಏನು ಮೇಸ್ತ್ರಿ, ಇವತ್ತು ಕೈ ಯಾಕೋ ಕುಣೀತಿದೆ?" ಕಾಯುತ್ತಿದ್ದ ಗಿರಾಕಿ ಗೊಣಗಿದ.

ಬೀಗದ ಮೇಸ್ತ್ರಿ ಹಾಳಾದ ಕೀಯನ್ನು ಡಬ್ಬಿಗೆ ಎಸೆದ. ಅವನ ಕಣ್ಣು ಮೇಜಿನ ಮೇಲಿದ್ದ ಫೋನಿನಲ್ಲೇ ನೆಟ್ಟಿತ್ತು. ಹತ್ತು ಗಂಟೆಗೆ ಬಂದ ಸಂದೇಶ ಹಾವಿನ ಹಾಗೆ ಅಲ್ಲೇ ಮಲಗಿತ್ತು.

"ಊರಲ್ಲಿ ಯಾರ್ಯಾರು ನೀವೇ ಅಂತ ಗೊತ್ತಾಗಿದೆ. ಮಧ್ಯಾಹ್ನ ಮೂರಕ್ಕೆ ನಿಮ್ಮ ಅಂಗಡಿಗೆ ಬರ್ತೀನಿ. ಸೂಲಗಿತ್ತಿ."

ಆ ಊರು ನೆಲದ ಮೇಲಿರಲಿಲ್ಲ, ಫೋನಿನೊಳಗಿತ್ತು. ಒಂಬತ್ತು ವರ್ಷದ ಹಿಂದೆ ಮೇಸ್ತ್ರಿಯೇ ಕಟ್ಟಿದ್ದ. ಸೇರಿದವರು ಕುಂಬಾರನೋ ಕಾವಲುಗಾರನೋ ಸೂಲಗಿತ್ತಿಯೋ ಆಗಿ ಒಂದು ವೇಷ ತೊಡಬೇಕು, ಆ ವೇಷದಲ್ಲೇ ಬರೆದು ಮಾತಾಡಬೇಕು. ನಿಜವಾದ ಹೆಸರು, ವಿಳಾಸ ಯಾರೂ ಯಾರನ್ನೂ ಕೇಳುವಂತಿಲ್ಲ. ಒಂದು ಕಾಲಕ್ಕೆ ಎಂಬತ್ತು ಜನ ಇದ್ದರು. ಜಗಳ, ಪ್ರೀತಿ, ಕಳ್ಳತನ, ರಾಜಿ ಎಲ್ಲ ನಡೆಯುತ್ತಿತ್ತು.

ಆಮೇಲೆ ಊರು ಸವೆಯಿತು. ಒಬ್ಬಳಿಗೆ ಮಗುವಾಯಿತು. ಒಬ್ಬನ ಕೆಲಸದ ಪಾಳಿ ಬದಲಾಯಿತು. ಊರಿನ ಯಜಮಾನಿಕೆ ಯಾರಿಗೆ ಅಂತ ಕಿತ್ತಾಡಿ ಇಪ್ಪತ್ತು ಜನ ಒಟ್ಟಿಗೆ ಎದ್ದುಹೋಗಿ ಬೇರೆ ಊರು ಕಟ್ಟಿದರು. ಅದೂ ಆರು ತಿಂಗಳಲ್ಲಿ ಹಾಳುಬಿತ್ತು. ಆದರೆ ಹೆಚ್ಚಿನವರು ಜಗಳವಾಡಿ ಹೋದವರಲ್ಲ. "ಈಗ ಬಂದೆ" ಅಂತ ಬರೆದು ಹೋದವರು. ಹೋದವರು ಹೋದರು.

ಈಗ ಉಳಿದದ್ದು ಹದಿಮೂರು. ಅದರಲ್ಲಿ ಆರು ಮೇಸ್ತ್ರಿಯೇ.

ಮೊದಲು ಕುಂಬಾರ ಕಾಣೆಯಾದ. ಅವನ ಮಡಕೆ ಸುಡುವ ಆವಿಗೆ ಆರಿದ್ದು ಕಂಡರೆ ಉಳಿದವರೂ ಗಂಟು ಕಟ್ಟುತ್ತಾರೆಂದು ಹೆದರಿ, ಮೇಸ್ತ್ರಿ ಕುಂಬಾರನ ತಮ್ಮ ಎಂದು ತಾನೇ ಇನ್ನೊಂದು ವೇಷದಲ್ಲಿ ಬಂದ. ನಾಲ್ಕು ದಿನದ ಮಟ್ಟಿಗೆ ಅಂದುಕೊಂಡದ್ದು ನಾಲ್ಕು ವರ್ಷವಾಯಿತು, ಒಬ್ಬ ಆರು ಜನವಾದ. 'ಒಬ್ಬರಿಗೆ ಒಂದೇ ವೇಷ' ಎಂಬ ನಿಯಮ ಬರೆದವನೂ ಅವನೇ. ಹಿಂದೆ ಯಾವನೋ ಎರಡು ವೇಷ ಹಾಕಿ ಸಿಕ್ಕಿಬಿದ್ದಾಗ, ಊರೆಲ್ಲ ಸೇರಿ ಉಗಿದು ಓಡಿಸಿದಾಗ, ಮೊದಲು ಉಗಿದವನೂ ಅವನೇ.

ವಿಷಯ ಬಯಲಾದರೆ ಉಳಿದ ಏಳು ಜನ ಅರ್ಧ ದಿನ ನಿಲ್ಲುವುದಿಲ್ಲ. ಊರು ಮುಗಿದ ಹಾಗೆ. ಅವನ ಹೆದರಿಕೆ ಅದೊಂದೇ ಅಲ್ಲ. ಅಂಗಡಿಯ ವಿಳಾಸ ಸೂಲಗಿತ್ತಿಗೆ ಕೊಟ್ಟವರು ಯಾರು?

"ಯಾಕ್ರೀ, ಮುಖ ಸುಣ್ಣ ಬಳಿದ ಹಾಗಿದೆ?" ಯಂತ್ರದ ಮುಂದಿದ್ದ ಹೆಂಡತಿ ಕೇಳಿದಳು. ಅಂಗಡಿ ಇಬ್ಬರದು. ನಕಲು ಕೀ ಕೊರೆಯುವುದು ಅವಳ ಕೆಲಸ, ಕೆಟ್ಟ ಬೀಗ ಬಿಚ್ಚಿ ಅದಕ್ಕೆ ಕೈಯಲ್ಲೇ ಕೀ ಉಜ್ಜುವುದು ಅವನದು.

"ಏನಿಲ್ಲ."

"ಏನಿಲ್ಲದೇನೇ ಮೂರು ಕೀ ಹಾಳು ಮಾಡಿದ್ರಾ? ಆ ಫೋನಿಗಾದ್ರೆ ದಿನಕ್ಕೆ ಸಾವಿರ ಮಾತು. ನನಗೆ ಹತ್ತಾದರೆ ಹೆಚ್ಚು."

"ನಿನಗೆ ಅದೆಲ್ಲ ಅರ್ಥ ಆಗಲ್ಲ, ಬಿಡೆ."

"ಆಗಲ್ಲಪ್ಪ," ಎಂದು ಅವಳು ಯಂತ್ರ ಒತ್ತಿದಳು.

ದಿನಾ ಊಟವಾದ ಮೇಲೆ ಹೆಂಡತಿ ಹಿಂದಿನ ಕೋಣೆಯಲ್ಲಿ ಕಾಲು ಚಾಚಿ, ಫೋನಿನಲ್ಲಿ ತಂಗಿಗೆ ಮನೆಯ ಸುದ್ದಿ ಬರೆಯುತ್ತ ಕೂರುತ್ತಿದ್ದಳು. ಇವತ್ತು ಎದುರಿಗೇ ಕೂತು ಅವನ ತಟ್ಟೆ ಕಾಯ್ದಳು. "ತುತ್ತು ಇಳೀತಿಲ್ವಲ್ಲ. ಜ್ವರಾನಾ?"

ಅವಳ ಕಣ್ಣು ತಪ್ಪಿಸಿ ಮೇಸ್ತ್ರಿ ಊರನ್ನು ತೆರೆದು ನೋಡಿದ. ಊರು ಸತ್ತಂತಿತ್ತು. ಈ ಹೊತ್ತಿಗೆ ತಪ್ಪದೆ ಹರಟುವ ಅಂಬಿಗನಿಲ್ಲ, ಅಕ್ಕಸಾಲಿಗನಿಲ್ಲ. ಎಲ್ಲರಿಗೂ ಗೊತ್ತಾಗಿದೆ!

ಮೂರಕ್ಕೆ ಐದು ನಿಮಿಷ ಇರುವಾಗ ಅವನು ಶಟರಿಗೆ ಕೈ ಹಾಕಿದ.

"ಹಾಡುಹಗಲಲ್ಲಿ ಅಂಗಡಿ ಮುಚ್ತೀರಾ? ತಲೆ ನೆಟ್ಟಗಿದೆಯಾ?" ಹೆಂಡತಿ ಅದನ್ನು ಮೇಲಕ್ಕೆ ತಳ್ಳಿ ಯಂತ್ರಕ್ಕೆ ಮರಳಿದಳು.

ಹೊಸಿಲಲ್ಲಿ ಮೂವತ್ತೈದರ ಆಸುಪಾಸಿನ ಹೆಂಗಸು ನಿಂತಿದ್ದಳು. ಚೀಲವನ್ನು ಎರಡೂ ಕೈಯಲ್ಲಿ ಅವುಚಿಕೊಂಡಿದ್ದಳು.

"ನಾನು ಸೂಲಗಿತ್ತಿ. ಕುಂಬಾರನ ತಮ್ಮ, ಕಾವಲುಗಾರ, ಎಲ್ಲ ನೀವೇ ಅಲ್ವಾ ಅಣ್ಣ?"

ಮೇಸ್ತ್ರಿ ಒಮ್ಮೆ ಹೆಂಡತಿಯತ್ತ ನೋಡಿದ. ಹಿಂದೆ ಯಂತ್ರ ಕಿರುಗುಡುತ್ತಿತ್ತು. "ಮೆಲ್ಲಗೆ ಮಾತಾಡಮ್ಮ. ಹೇಗೆ ಗೊತ್ತಾಯ್ತು?"

"ನಮ್ಮ ಊರಲ್ಲಿ ಯಾರೇ ಬಾಗಿಲು ತೆಗೆದ್ರೂ ಕೀಯನ್ನ ಕೂದಲೆಳೆಯಷ್ಟು ಹಿಂದಕ್ಕೆ ಎಳೆದು ಆಮೇಲೆ ತಿರುಗಿಸ್ತಾರೆ. ಹತ್ತು ಜನಾನೂ ಹಾಗೇ ಬರೀತಾರೆ. ಸವೆದ ಬೀಗ ಹಾಗೆ ತೆಗೀಬೇಕು ಅಂತ ಬೀಗದವರಿಗೆ ಬಿಟ್ಟು ಇನ್ಯಾರಿಗೆ ಗೊತ್ತು?"

ಅವನು ಬೈಗುಳಕ್ಕೆ ತಲೆ ತಗ್ಗಿಸಿದ. ಬೈಗುಳ ಬರಲಿಲ್ಲ.

"ಬೈಯೋಕೆ ಬಂದಿಲ್ಲಣ್ಣ. ಮಿಕ್ಕ ಮೂರೂ ನಾನೇ. ನೇಕಾರ ಹೋದ, ವೈದ್ಯ ಹೋದ. ನೀವು ಊರು ಮುಚ್ಚಿಬಿಡ್ತೀರೇನೋ ಅಂತ ಹೆದರಿ ಅವರ ವೇಷಾನೂ ನಾನೇ ಹಾಕಿದೆ. ನೀವು ಹತ್ತು, ನಾನು ಮೂರು. ಇರೋದೇ ಇಬ್ಬರು, ಯಾರಿಗೆ ಹೆದರೋದು?"

ಮೇಸ್ತ್ರಿಗೆ ಹೋದ ಉಸಿರು ಬಂತು. ಆಮೇಲೆ ಬೆರಳು ಮಡಿಸಿ ಲೆಕ್ಕ ಹಾಕಿದ.

"ಹತ್ತಲ್ಲ. ನಾನು ಆರೇ."

"ತಮಾಷೆ ಬೇಡಿ. ಅಂಬಿಗ ನೀವಲ್ವಾ? ನಾನು ಊರು ಬಿಡ್ತೀನಿ ಅಂದಾಗ, ಒಂದ್ಸಲ ಬಂದು ಮಾತಾಡು ಅಂತ ಈ ವಿಳಾಸ ಕೊಟ್ಟಿದ್ದು ಅಂಬಿಗಾನೇ."

"ಅಂಬಿಗ ನಾನಲ್ಲಮ್ಮ."

ಇಬ್ಬರೂ ಒಮ್ಮೆಗೇ ಬೀದಿಯತ್ತ ತಿರುಗಿದರು. ಎದುರು ಅಂಗಡಿ, ನಿಂತ ಸೈಕಲ್, ನಡೆದುಹೋಗುವ ಜನ. ಇಷ್ಟು ವರ್ಷ ತಮ್ಮಿಬ್ಬರ ನಡುವೆ ಕೂತು, ಮೇಸ್ತ್ರಿಯ ಕೀ ತಿರುಗಿಸುವ ಗುಟ್ಟನ್ನೂ ಕದ್ದು, ನಾಲ್ಕು ಬಾಯಲ್ಲಿ ಮಾತಾಡಿದವರು ಯಾರು?

ಯಂತ್ರ ನಿಂತಿತು.

"ಆ ನಾಲ್ಕೂ ನಾನೇ ಕಣ್ರೀ," ಎಂದಳು ಹೆಂಡತಿ, ಅಂಗೈಯ ಹಿತ್ತಾಳೆ ಪುಡಿ ಕೊಡವುತ್ತ. "ನೀವು ಬಾಯಿ ಬಿಡ್ತಿದ್ದದ್ದು ಆ ಊರಲ್ಲಿ ಮಾತ್ರ ತಾನೇ?"