ಓಬಕ್ಕನ ಮರೆವು

ಹೆಡ್‌ಮೇಷ್ಟ್ರು ಮತ್ತೆ ತನ್ನ ಕಡೆಗೇ ನೋಡುತ್ತಿದ್ದಾರೆ ಅನ್ನಿಸಿ ಅವಳು ಮುಖ ತಗ್ಗಿಸಿ ಮಂಡಕ್ಕಿ ಪೊಟ್ಟಣಕ್ಕೆ ಕೈಹಾಕಿದಳು.

ಬೆಳಗಿನಿಂದಲೂ ಇದೇ ಕತೆ. ಹೆಡ್‌ಮೇಷ್ಟ್ರು ಮುರುಗಪ್ಪನವರ ಕಣ್ಣು ಹತ್ತನೇ ಕ್ಲಾಸಿನ ಬೆಂಚುಗಳನ್ನೆಲ್ಲ ಸವರಿಕೊಂಡು ಬಂದು ಅವಳ ಮೇಲೆಯೇ ನಿಲ್ಲುತ್ತಿತ್ತು. ಬೀಳ್ಕೊಡುಗೆಯ ದಿನ ಯಾರೂ ಯಾರನ್ನೂ ಗದರುವುದಿಲ್ಲ, ನಿಜ. ಆದರೆ ಪರೀಕ್ಷೆ ಹತ್ತಿರವಾಗಿತ್ತು. ಈಗ ಸಿಕ್ಕಿಬಿದ್ದರೆ ಮೂರು ವರ್ಷ ಪಟ್ಟ ಪಾಡೆಲ್ಲ ನೀರಲ್ಲಿ ಹೋಮ ಮಾಡಿದಂತೆ.

ಶಾಲೆಯಲ್ಲಿ ಅವಳ ಹೆಸರು ಓಬಕ್ಕ. ತುರುವನೂರು ದಾರಿಯ ಹಟ್ಟಿಯೊಂದರಲ್ಲಿ ಕುರಿ ಸಾಕುವ ಚಿತ್ರಲಿಂಗಪ್ಪನ ಮಗಳು. ಹೈಸ್ಕೂಲಿಗೆ ಸೇರಿಸುವಾಗಲೇ ಅಪ್ಪ ಕಡ್ಡಿ ತುಂಡು ಮಾಡಿದಂತೆ ಹೇಳಿದ್ದ: “ಒಬ್ಳು ಓದ್ಲಿ, ಒಬ್ಳು ಕುರಿ ಹಿಂದೆ ಹೋಗ್ಲಿ. ಇಬ್ರೂ ಪುಸ್ತಕ ಹಿಡ್ಕಂಡು ಕುಂತ್ರೆ ಕುರಿ ಮೇಯ್ಸೋರು ಯಾರು?” ಹಾಗೆ ಓದು ಓಬಕ್ಕನ ಪಾಲಿಗೆ ಬಂತು, ಕುರಿ ತಂಗಿ ಸಿದ್ದಕ್ಕನ ಪಾಲಿಗೆ.

ಕ್ಲಾಸಿನ ಮಾನಿಟರ್ ಜಂಪಣ್ಣ ಮಾತಿಗೆ ಎದ್ದಿದ್ದ.

“ನಾವು ಎಂಟನೇ ಕ್ಲಾಸು ಸೇರ್ದಾಗ ಇದು ಮೈಸೂರು ರಾಜ್ಯ. ಬಿಟ್ಟು ಹೋಗುವಾಗ ಕರ್ನಾಟಕ. ರಾಜ್ಯದ ಹೆಸ್ರೇ ಬದ್ಲಾತು, ನಮ್ಮ ಓಬಕ್ಕನ ಮರೆವು ಮಾತ್ರ ಬದ್ಲಾಗ್ಲಿಲ್ಲ!”

ಎಲ್ಲರೂ ನಕ್ಕರು. ಅವಳೂ ನಕ್ಕಳು.

“ಸೋಮವಾರ ನನ್ನ ಜೊತೆ ಜಗಳ ಆಡೋಳು. ಮಂಗಳವಾರ ಏನೂ ಆಗಿಲ್ದಂಗೆ ‘ಏನಪ್ಪ ಜಂಪಣ್ಣ’ ಅನ್ನೋಳು. ನಾನು ಮುಖ ಊದಿಸ್ಕಂಡು ಕುಂತಿದ್ದೇ ಬಂತು.”

ಅವಳ ಪಕ್ಕ ಕೂತಿದ್ದ ಗೆಳತಿ ಏಕಾಂತಮ್ಮ ದನಿಗೂಡಿಸಿದಳು. “ಹಾಡೋದೂ ಹಂಗೇ. ಒಂದಿನ ಕೋಗಿಲೆ. ಇನ್ನೊಂದಿನ ‘ನಂಗೆ ಬರಲ್ಲ ಕಣೇ’ ಅಂತ ಅಳೋಳು.”

ಲೆಕ್ಕದ ಮಾತು ಯಾರೂ ಎತ್ತಲಿಲ್ಲ. ಅದು ನಗುವ ವಿಷಯವಾಗಿರಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಹೆಡ್‌ಮೇಷ್ಟ್ರು ಅವಳನ್ನು ಬೋರ್ಡಿನ ಮುಂದೆ ನಿಲ್ಲಿಸಿ, “ನಿನ್ನೆ ಪುಸ್ತಕದಾಗೆ ಇದೇ ಲೆಕ್ಕ ಸರಸರ ಬಿಡಿಸಿದ್ದಿ. ಇವತ್ತು ಯಾಕೆ ಬರಲ್ಲ?” ಎಂದು ಕೇಳಿದ್ದರು. ಅವಳು ಸೀಮೆಸುಣ್ಣ ಹಿಡಿದು ಕಲ್ಲಿನಂತೆ ನಿಂತಿದ್ದಳು. ಕಾಪಿ ಹೊಡೆದಿದ್ದಾಳೆ ಎಂದು ಹಿಂದಿನ ಬೆಂಚು ಪಿಸುಗುಟ್ಟಿತ್ತು. ಅಂದಿನಿಂದ ಮೇಷ್ಟ್ರ ಕಣ್ಣು ಅವಳನ್ನು ಬಿಟ್ಟಿರಲಿಲ್ಲ.

ಅವಳಿಗೆ ದಣಿವಾಗಿತ್ತು. ಅದು ಇವತ್ತಿನ ದಣಿವಲ್ಲ. ಯಾರು ಏನಂದರು, ಯಾರ ಮೇಲೆ ಯಾರು ಮುನಿಸಿಕೊಂಡರು, ಪಾಠ ಎಲ್ಲಿಗೆ ನಿಂತಿತು ಎಂಬುದನ್ನೆಲ್ಲ ತಲೆಯಲ್ಲಿ ಗಂಟು ಕಟ್ಟಿಕೊಂಡು ಸಂಜೆ ಹಟ್ಟಿಗೆ ನಡೆಯಬೇಕು. ಎಷ್ಟೇ ಬಿಗಿಯಾಗಿ ಕಟ್ಟಿದರೂ ದಾರಿಯಲ್ಲಿ ಒಂದಿಷ್ಟು ಉದುರಿಯೇ ಹೋಗುತ್ತಿತ್ತು. ಉದುರಿದ್ದಕ್ಕೆ ಮಾರನೆಯ ದಿನ ಬೈಗುಳ ಕಾದಿರುತ್ತಿತ್ತು.

“ಮಾರಿಕಣಿವೆ ಡ್ಯಾಮಿಗೆ ಹೋಗಿದ್ದು ನೆನಪೈತಾ?” ಏಕಾಂತಮ್ಮ ಅವಳ ಕೈ ಹಿಡಿದು ಕೇಳಿದಳು. “ಮೆಟ್ಲ ಮೇಲೆ ಜಾರಿ ನೀರಿಗೆ ಬೀಳ್ತಿದ್ದೆ ನಾನು. ನೀನು ಜಡೆ ಹಿಡ್ದು ಎಳ್ದೆ. ಸಾಯೋತಂಕ ಮರೆಯಲ್ಲ ಕಣೇ.”

“ಹೂಂ,” ಎಂದಳು. ಆ ನೀರು ಅವಳ ಕಣ್ಣಿಗೆ ಕಟ್ಟಲೇ ಇಲ್ಲ. ಒಳಗೆಲ್ಲೋ ಸಣ್ಣಗೆ ಹೊಟ್ಟೆ ಉರಿಯಿತು.

“ನಿಮ್ಮ ತಂಗೀನೂ ಇವತ್ತು ಕರ್ಕಂಡು ಬರ್ಬೇಕಿತ್ತು,” ಏಕಾಂತಮ್ಮ ಮುಂದುವರಿಸಿದಳು. “ಒಂದ್ಸಲ ದೂರದಿಂದ ಕುರಿ ಹಿಂದೆ ನೋಡ್ದೆ. ನೀನೇ ಅಂತ ಕೂಗ್ದೆ. ಮುಖ ತಿರುಗಿಸ್ಕಂಡು ಹೋದ್ಲು. ಪಾಪ, ಸ್ಕೂಲಂದ್ರೆ ಏನು ಅಂತ್ಲೂ ಗೊತ್ತಿಲ್ಲ ಅವಳಿಗೆ.”

“ಸಿದ್ದಕ್ಕನ ಹಣೇಲಿ ಬರ್ದಿದ್ದು ಕುರೀನೇ ಬಿಡು.”

ಅಷ್ಟರಲ್ಲಿ ಜಂಪಣ್ಣ ಅವಳ ಹೆಸರು ಕೂಗಿದ. ಅವಳು ಎದ್ದಳು.

“ಈ ಸ್ಕೂಲಿನಾಗೆ ನಾನು ಕಲ್ತಿದ್ದು ಅರ್ಧ,” ಎಂದಳು. “ಇನ್ನರ್ಧ ಮನೇಲಿ ಕಲ್ತೆ. ಅಷ್ಟೇ ನಾನು ಹೇಳೋದು.”

ತಂದೆತಾಯಿಯ ಗುಣ ನೆನೆದಳೆಂದು ಮೇಷ್ಟ್ರುಗಳು ಚಪ್ಪಾಳೆ ತಟ್ಟಿದರು. ಹೆಡ್‌ಮೇಷ್ಟ್ರು ತಟ್ಟಲಿಲ್ಲ. ಅವಳು ಕೂರುವ ಮೊದಲೇ, “ಎಲ್ಲ ಮುಗಿದ ಮೇಲೆ ನನ್ನ ರೂಮಿಗೆ ಬಾ,” ಎಂದರು.

ಟೀ ಆಯಿತು. ಫೋಟೋ ಆಯಿತು. ಏಕಾಂತಮ್ಮ ತಬ್ಬಿಕೊಂಡು ಗೊಳೋ ಎಂದಳು. “ನನ್ನ ಮರೀಬ್ಯಾಡ ಕಣೇ. ನಿಂಗೆ ಮೊದ್ಲೇ ಮರೆವು.”

“ನಿನ್ನನ್ನ ಹೆಂಗೆ ಮರೀಲಿ?” ಎಂದವಳೇ ಅವಳೂ ಅತ್ತುಬಿಟ್ಟಳು. ಆ ದಿನ ಅವಳು ಆಡಿದ ಮಾತುಗಳಲ್ಲಿ ಅದೊಂದಕ್ಕೆ ಯಾವ ಮರೆಯೂ ಇರಲಿಲ್ಲ.

ಹೆಡ್‌ಮೇಷ್ಟ್ರ ಕೋಣೆಯಲ್ಲಿ ಬಿಸಿಲು ಗೋಡೆ ಹತ್ತಿತ್ತು. ಅವರು ಮೇಜಿಗೆ ಮೊಣಕೈಯೂರಿ ಕೂತಿದ್ದರು. ಅವರೂ ದಣಿದಂತೆ ಕಂಡರು.

“ಕಾಪಿ ಹೊಡ್ದಿಲ್ಲ ಸಾರ್,” ಎಂದಳು ಅವಳು, ಕೇಳುವ ಮೊದಲೇ.

“ಗೊತ್ತು. ನಿನ್ನೆ ಸಂತೆಯಾಗೆ ನಿಮ್ಮಪ್ಪ ಸಿಕ್ಕಿದ್ದ. ಕುಂತು ಮಾತಾಡಿದೆ. ನೀವಿಬ್ರೂ ಅವಳಿ ಅಂದ.”

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. “ತಪ್ಪಾತು ಸಾರ್. ಅಪ್ಪ ಏನಾರ ಮಾಡ್ಲಿ. ಪರೀಕ್ಷೆಗೆ ಮಾತ್ರ ಬ್ಯಾಡ ಅನ್ಬ್ಯಾಡ್ರಿ. ಮೂರು ವರ್ಷ ಸಾರ್.”

ಮೇಷ್ಟ್ರು ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿದರು. ಮತ್ತೆ ಹಾಕಿಕೊಂಡು ಅವಳ ಮುಖವನ್ನೇ ನೋಡಿದರು.

“ಈ ಸಲ ಪರೀಕ್ಷೆ ನಿಮ್ಮಕ್ಕ ಬರೀಲಿ. ನಿಮ್ಮಪ್ಪ ಒಪ್ಪಿದಾನೆ, ಮುಂದಿನ ವರ್ಷ ಹೊರಗಿನಿಂದ ಪರೀಕ್ಷೆಗೆ ಕಟ್ಟಿ ನಿನ್ನ ಹೆಸರಿನಾಗೇ ನೀನು ಬರಿ, ಸಿದ್ದಕ್ಕ.”