ಇಪ್ಪತ್ತೆಂಟನೇ ಕಿಲೋಮೀಟರ್

ಪ್ರೇಮಲತಾ ಮಿಸ್ ಸುಳ್ಳು ಹೇಳುತ್ತಿದ್ದಾರೆಂದು ಇಲ್ಮಾಗೆ ಅವರ ಎರಡನೇ ಮಾತಿಗೇ ಗೊತ್ತಾಯಿತು.

"ಉಡಚಮ್ಮ ನಲವತ್ತೆರಡು ಕಿಲೋಮೀಟರೂ ಓಡೇ ಗೆದ್ದಿದ್ದು. ಟೆಂಪೋ ಗಿಂಪೋ ಅಂದಿದ್ದೆಲ್ಲ ನನ್ನ ಹೊಟ್ಟೆಕಿಚ್ಚು. ಇದನ್ನ ನಿನ್ನ ಸಿನಿಮಾಗೆ ಹಾಕ್ಕೋ."

ಇಲ್ಮಾ ಕ್ಯಾಮೆರಾದ ಹಿಂದಿನಿಂದ ತಲೆ ಎತ್ತಿದಳು. ಚನ್ನಗಿರಿಯ ಹೈಸ್ಕೂಲಿನಲ್ಲಿ ಅವಳಿಗೆ ಆಟ ಕಲಿಸಿದ್ದು ಇದೇ ಮಿಸ್. ಮೈದಾನ ಸುತ್ತುವಾಗ ಯಾರಾದರೂ ಅಡ್ಡ ಹಾಯ್ದರೆ, "ಏನೇ, ಉಡಚಮ್ಮನ ಹಂಗೆ ಟೆಂಪೋ ಹತ್ತೀಯಾ?" ಎಂದು ಸೀಟಿ ಊದುತ್ತಿದ್ದವರು. 2003ರ ರಾಜ್ಯ ಮ್ಯಾರಥಾನ್‌ನಲ್ಲಿ ಉಡಚಮ್ಮ ಮೊದಲು, ಪ್ರೇಮಲತಾ ಎರಡನೆಯವರು. ಇಪ್ಪತ್ತೆಂಟನೇ ಕಿಲೋಮೀಟರಿನ ಹತ್ತಿರ ಉಡಚಮ್ಮ ಶೇಂಗಾ ತುಂಬಿದ ಟೆಂಪೋ ಹತ್ತಿದ್ದನ್ನು ಕಣ್ಣಾರೆ ಕಂಡೆನೆಂದು ಇಪ್ಪತ್ತು ವರ್ಷ ಊರೆಲ್ಲ ಸಾರಿದವರು.

"ಮಿಸ್, ನೀವೇ ಹೇಳ್ತಿದ್ರಲ್ಲ..."

"ಆಗಿನ ಮಾತು ಬ್ಯಾರೆ, ಈಗಿನ ಮಾತು ಬ್ಯಾರೆ. ಇನ್ನೇನು ಜಗಳ ಐತೆ ನಂಗೂ ಅವಳಿಗೂ? ಕಾಫಿ ಆರೋಗುತ್ತೆ, ಕುಡಿ."

ಅಷ್ಟೇ ಅಲ್ಲ, ಫೋನ್ ತೆಗೆದು ಅಲ್ಲೇ ಚಿತ್ರಕ್ಕೆ ಐದು ಸಾವಿರ ಹಾಕಿದರು. ಉಡಚಮ್ಮನ ಹೆಸರು ಕೇಳಿದರೆ ಉಗುಳುತ್ತಿದ್ದ ಮನುಷ್ಯೆ.

ಮಿಸ್ ಬಾಯಿಯನ್ನು ಯಾರೋ ಕಟ್ಟಿದ್ದಾರೆ ಎಂದುಕೊಂಡಳು ಇಲ್ಮಾ.

ಹಾಗೆ ಅನ್ನಿಸಲು ಕಾರಣವಿತ್ತು. ಉಡಚಮ್ಮನ ಕುರಿತ ಸಾಕ್ಷ್ಯಚಿತ್ರಕ್ಕೆ ಮೂರು ಲಕ್ಷ ಬೇಕೆಂದು ಅವಳು ವೆಬ್‌ಸೈಟಿನಲ್ಲಿ ಜನರ ಮುಂದೆ ಕೈಯೊಡ್ಡಿದ್ದಳು. ನಲವತ್ತು ದಿನದ ಗಡುವು. ಗುರಿ ಮುಟ್ಟದಿದ್ದರೆ ಬಂದದ್ದೆಲ್ಲ ವಾಪಸ್. ಮೂವತ್ತು ದಿನ ಕಳೆದರೂ ಕೊಟ್ಟವರು ಅವಳ ಗೆಳತಿಯರು ಮಾತ್ರ.

ತೋರಿಸಲು ಉಡಚಮ್ಮನ ವಿಡಿಯೋ ಕೂಡ ಇರಲಿಲ್ಲ. ಅಪ್ಪ ಅವ್ವ ತೀರಿಕೊಂಡ ಮೇಲೆ ಪುಟ್ಟ ಮಗಳನ್ನು ಕರೆದುಕೊಂಡು ತನ್ನೂರು ಸೊಕ್ಕೆ ಬಿಟ್ಟ ಹೆಂಗಸು. ಹದಿನೈದು ವರ್ಷದಿಂದ ಹಾವೇರಿ ಕಡೆ ಒಂದು ಹಾಸ್ಟೆಲಿನಲ್ಲಿ ಅಡುಗೆ ಕೆಲಸ. ಊರಿನ ಯಾರ ಸಂಪರ್ಕವೂ ಇಲ್ಲ. "ಹಿಂದೆ ಇಬ್ರು ಬಂದು ಆಸೆ ಹುಟ್ಟಿಸಿ ಹೋದ್ರು. ಮೊದ್ಲು ದುಡ್ಡು ಹೊಂದಿಸ್ರಿ, ಆಮೇಲೆ ಮುಖ ತೋರಿಸ್ತೀನಿ" ಎಂದು ಫೋನಿನಲ್ಲೇ ಖಡಾಖಂಡಿತ ಹೇಳಿದ್ದಳು.

ಕೊನೆಗೆ ಇಲ್ಮಾ ಚನ್ನಗಿರಿ, ಜಗಳೂರು ಬಸ್‌ಸ್ಟ್ಯಾಂಡುಗಳಲ್ಲಿ ಫ್ಲೆಕ್ಸ್ ಕಟ್ಟಿಸಿದಳು. ಉಡಚಮ್ಮನ ಹಳೆಯ ಫೋಟೊ, ಕೆಳಗೆ ಹೆಸರು, ನಾಲ್ಕು ಸಾಲು, ಹಣ ಹಾಕಲು ಸ್ಕ್ಯಾನ್ ಕೋಡ್.

"ಕಲರ್ ಮಾಡಿಕೊಡ್ತೀನಿ ತಗಳ್ರಿ ಮೇಡಂ, ಅದೇ ರೇಟು" ಎಂದಿದ್ದ ಫ್ಲೆಕ್ಸ್ ಅಂಗಡಿಯ ಓಂಕಾರ್.

"ಬೇಡ. ಕಪ್ಪು ಬಿಳುಪಿಗೆ ಒಂದು ತೂಕ ಇರುತ್ತೆ."

ಓಂಕಾರ್ ಫೋಟೊವನ್ನು ಇನ್ನೊಮ್ಮೆ ನೋಡಿದ. ದರದಲ್ಲಿ ಇನ್ನೂರು ಬಿಟ್ಟ.

ಮರುದಿನದಿಂದ ಹಣ ಸುರಿಯಿತು. ನೂರು, ಇನ್ನೂರು, ಐನೂರು. ಯಾರೂ ಸಿನಿಮಾ ಎಂದು ಬರುತ್ತದೆ ಎಂದು ಕೇಳಲಿಲ್ಲ. ಎಂಟೇ ದಿನಕ್ಕೆ ಗುರಿ ಮುಟ್ಟಿತು. ಇಲ್ಮಾಗೆ ಖುಷಿಯಾಗಲಿಲ್ಲ. ಗೆಲುವೇ ಮೋಸವಾಗಿದ್ದರೆ, ತಾನು ಸಾವಿರ ಮಂದಿಗೆ ಸುಳ್ಳನ್ನು ಮಾರಿದ ಹಾಗೆ. ನಿಜ ತಿಳಿಯದೆ ಈ ದುಡ್ಡು ಮುಟ್ಟುವಂತಿಲ್ಲ. ಗಡುವಿಗೆ ಎರಡು ದಿನ ಉಳಿದಿತ್ತು.

ಜಗಳೂರಿಗೆ ಹೋಗಿ, ಅಲ್ಲಿಂದ ಸೊಕ್ಕೆಯ ಬಸ್ಸು ಹತ್ತಿದಳು. ಅವತ್ತಿನ ಓಟದ ಮೂವತ್ತನೇ ಕಿಲೋಮೀಟರಿನಲ್ಲಿ ಓಟಗಾರರಿಗೆ ನೀರು ಕೊಡಲು ನಿಂತಿದ್ದ ಷಣ್ಮುಖಪ್ಪ ಅಲ್ಲಿಯವನು. "ಎಲ್ರೂ ಬೆವರು ಸುರಿಸ್ತಾ ಬಂದ್ರು, ಇವಳು ಮಾತ್ರ ಮದುವೆಗೆ ಹೊಂಟಂಗೆ ಬಂದಳು" ಎಂದು ಕಂಡಕಂಡವರಿಗೆಲ್ಲ ಹೇಳಿ ನಗಿಸುತ್ತಿದ್ದ ಮನುಷ್ಯ.

ಇಲ್ಮಾ ಫೋಟೊ ತೋರಿಸಿದಳು. ಷಣ್ಮುಖಪ್ಪ ತಲೆಗೆ ಸುತ್ತಿದ್ದ ಟವೆಲ್ ತೆಗೆದು ಕಂಕುಳಲ್ಲಿ ಇಟ್ಟುಕೊಂಡ.

"ಒಳ್ಳೇ ಹೆಣ್ಮಗಳು."

"ಅವತ್ತು ಬೆವರಿರಲಿಲ್ಲ ಅಂತಿದ್ರಂತೆ?"

"ಯಾರವ್ವ ಹೇಳಿದ್ದು? ಮಳೆ ಬಂದಂಗೆ ಬೆವರಿತ್ತು."

"ಹಂಗೆ ಹೇಳು ಅಂತ ಯಾರಾದ್ರೂ ಹೇಳಿಕೊಟ್ರಾ ಅಜ್ಜಾರೇ?"

"ನನಗ್ಯಾರು ಹೇಳಿಕೊಡ್ತಾರೆ? ಹಿರೇರು ಹಾಕಿದ ದಾರಿ ಐತೆ, ನಡೀತೀವಿ. ಇನ್ನು ಕೆದಕಬ್ಯಾಡ, ಬಿಡವ್ವ." ಮತ್ತೆ ಅವನೇ ಕೇಳಿದ: "ಅವಳ ಮಗಳು ಹೆಂಗೈತೆ? ಓದು ಬಿಡಿಸಬ್ಯಾಡ್ರಿ."

ಬಸ್ಸಿಗೆ ಕಾಯುತ್ತ ಇಲ್ಮಾ ಉಡಚಮ್ಮನಿಗೆ ಫೋನ್ ಮಾಡಿದಳು. ಸುತ್ತಿ ಬಳಸಲಿಲ್ಲ.

"ಅಕ್ಕಾ, ಅವತ್ತು ಟೆಂಪೋ ಹತ್ತಿದ್ರಾ?"

ಆ ಕಡೆ ಪಾತ್ರೆಗಳ ಸದ್ದು ನಿಂತಿತು. "ಪ್ರೇಮಕ್ಕ ಏನಂದಳು?"

"ನೀವು ಪೂರ್ತಿ ಓಡಿದ್ರಿ ಅಂದ್ರು. ಕ್ಯಾಮೆರಾ ಮುಂದೇನೇ."

"ಪ್ರೇಮಕ್ಕ? ಹಂಗ್ಯಾಕಂದಳು?"

"ನನಗೂ ಅದೇ ಗೊತ್ತಾಗಬೇಕು ಅಕ್ಕಾ."

"ನಾಳೆ ಬರ್ತೀನಿ" ಎಂದಳು ಉಡಚಮ್ಮ. "ಇಪ್ಪತ್ತು ವರ್ಷ ಆಯ್ತು ಆ ಮುಖ ನೋಡಿ. ಎದುರಿಗೆ ಕೂತು ಮಾತಾಡ್ತೀನಿ. ನಿಮ್ಮ ಕ್ಯಾಮೆರಾನೂ ಇರಲಿ."

ಯಾರೋ ಬಾಯಿ ಕಟ್ಟಿಸಿದ್ದಾರೆ, ಅದು ಉಡಚಮ್ಮನಲ್ಲ. ಹಾಗಾದರೆ ಯಾರು? ಇಬ್ಬರನ್ನೂ ಎದುರುಬದುರು ಕೂರಿಸಿದರೆ ತಾನೇ ಹೊರಬೀಳುತ್ತದೆ. ಇಲ್ಮಾ ಮಿಸ್‌ಗೆ ಫೋನ್ ಹಚ್ಚಿದಳು.

"ಮಿಸ್, ನಾಳೆ ಹನ್ನೊಂದಕ್ಕೆ ಮನೇಲಿರ್ತೀರಾ? ಉಡಚಮ್ಮನ್ನ ಕರ್ಕೊಂಡು ಬರ್ತಿದೀನಿ."



"ಬದುಕಿದಾಳಾ?" ಎಂದರು ಪ್ರೇಮಲತಾ. "ಹಂಗಾದ್ರೆ ನಾನು ಹೇಳಿದ್ದೆಲ್ಲ ಅಳಿಸಿಬಿಡು, ನಿನ್ನ ಆ ಕಪ್ಪು ಬಿಳುಪು ಫ್ಲೆಕ್ಸ್ ನೋಡಿ, ಸತ್ತೋರ ಬಗ್ಗೆ ಕೆಟ್ಟದ್ದಾಡಬಾರದು ಅಂತ ಸುಮ್ಮನಾಗಿದ್ದೆ, ಅವಳು ಟೆಂಪೋ ಹತ್ತಿದ್ದು ಖರೇನೇ."